ತೆಲೊನ್‌ಗೆ ಒದ್ದೆಬಟ್ಟೆ ಸ್ನಾನ

ಬುಧವಾರ, ಉಪವಾಸ ೩

ಮನೆಯಲ್ಲಿ ಮಾತಾಡುವವರಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೊಟ್ಟೆ ಖಾಲಿ ಇರುವ ರಂಜಾನ್ ತಿಂಗಳಲ್ಲಿ ಬಾಯಿಯೂ ಖಾಲಿ ಎಂದರೆ ಮನುಷ್ಯರು ಬದುಕುವುದು ಹೇಗೆ?

ಸೊಸೆ ವೆನಿಂಗ್ ನನ್ನೊಂದಿಗೆ ಮಾತು ಬಿಟ್ಟು ಎರಡು ವಾರ ದಾಟಿತು. ನಮ್ಮ ಜಾವಾದ ಸೊಸೆಯಂದಿರು ಅತ್ತೆಯ ಮುಂದೆ ದನಿ ಎತ್ತುವುದಿಲ್ಲ. ಸಿಟ್ಟು ಬಂದರೆ ಬಾಯಿ ಮುಚ್ಚುತ್ತಾರೆ, ಅಷ್ಟೆ. ಅನ್ನ ಬೇಯುತ್ತದೆ, ಪಲ್ಯದ ಮೇಲೆ ಬಲೆ ಮುಚ್ಚಳ ಬೀಳುತ್ತದೆ, ನನ್ನ ರವಿಕೆ ಲುಂಗಿ ಮಡಿಕೆಯಾಗಿ ಮಂಚದ ಮೇಲಿರುತ್ತವೆ. ನನ್ನ ಮುಂದೆ ಹಾದುಹೋಗುವಾಗ ಬೆನ್ನು ಬಗ್ಗಿಸಿ, ಕೈ ಮುಂದೆ ಚಾಚಿ, ಮರ್ಯಾದೆಗೆ ಕೂದಲೆಳೆಯಷ್ಟೂ ಲೋಪವಿಲ್ಲದಂತೆ ಹೋಗುತ್ತಾಳೆ. ಮಾತೊಂದು ಇಲ್ಲ.

ನಾನೇನು ಕೊಲೆ ಮಾಡಿದೆನೆ? ಉಪವಾಸ ಶುರುವಾಗುವ ಮುಂಚೆ ಹೆಂಗಸರ ಚೀಟಿ ಕೂಟ ನಮ್ಮ ಮನೆಯಲ್ಲಿತ್ತು. ಅಕ್ಕಿ ಗಿರಣಿಯ ಮರ್ಸಿಯೆಮ್, ಮೊಮ್ಮಗು ಯಾವಾಗ ಎಂದು ಕೇಳಿದಳು. ನಾನು ಹೇಳಿದೆ: "ಇದೆಯಲ್ಲ ನಮ್ಮನೇಲಿ ಮೊಮ್ಮಗು. ಬಾಲ ಒಂದು ಜಾಸ್ತಿ, ಅಷ್ಟೆ. ಮಗ್ಗುಲಲ್ಲಿ ಬೆಕ್ಕು ಮಲಗಿದ್ರೆ ಮಗು ಎಲ್ಲಿ ಮಲಗ್ಬೇಕು?" ಇಡೀ ಕೂಟ ನಕ್ಕಿತು. ಚಹಾ ಕೊಡುತ್ತಿದ್ದ ವೆನಿಂಗ್ ತಟ್ಟೆಯನ್ನು ಚಾಪೆಯ ಮೇಲಿಟ್ಟು ಒಳಗೆ ಹೋದಳು.

ತಮಾಷೆಗೆ ಅಂದದ್ದು. ಸುಳ್ಳೂ ಅಲ್ಲ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಬಸಿರು ನಿಲ್ಲುವುದಿಲ್ಲ ಎಂದು ನನ್ನ ಅಮ್ಮನೂ ಹೇಳುತ್ತಿದ್ದಳು. ಮದುವೆಯಾಗಿ ಆರು ವರ್ಷವಾಯಿತು, ಒಂದು ಸುದ್ದಿಯಿಲ್ಲ. ಬೆಕ್ಕು ಮಾತ್ರ ಅವಳ ದಿಂಬಿನ ಮೇಲೆ.

ಮಗ ಹಾರ್ಯೋ ಸುರಬಾಯಾ ಬಸ್ಸು ಓಡಿಸುತ್ತಾನೆ. ಹಬ್ಬಕ್ಕೆ ಊರು ಸೇರುವವರ ನೂಕುನುಗ್ಗಲು ಇನ್ನೇನು ಶುರುವಾಗುತ್ತದೆ, ಎಲ್ಲ ಮುಗಿಯುವ ತನಕ ಅವನಿಗೆ ರಜೆಯಿಲ್ಲ. ಫೋನಿನಲ್ಲಿ ದೂರು ಹೇಳಿದರೆ, ನೀವಿಬ್ಬರೂ ದೊಡ್ಡವರು ಎಂದು ಇಟ್ಟುಬಿಟ್ಟ.

ಶುಕ್ರವಾರ, ಉಪವಾಸ ೫

ಬೆಕ್ಕು ಕೆರೆದುಕೊಳ್ಳುತ್ತದೆ. ಕೂತಲ್ಲಿ ಕೆರೆತ, ನಿಂತಲ್ಲಿ ಕೆರೆತ. ಬೆನ್ನಿನಿಂದ ಹೊಟ್ಟು ಉದುರಿ ಹೊಲಿಗೆ ಮೇಜಿನ ಮೇಲೆ ಬೀಳುತ್ತದೆ. ಹಬ್ಬಕ್ಕೆ ಎಂದು ಕೇರಿಯ ಅರ್ಧ ಜನ ನನ್ನ ಹತ್ತಿರ ರವಿಕೆ ಹೊಲಿಯಲು ಕೊಟ್ಟಿದ್ದಾರೆ. ಇವತ್ತು ಶಿಕ್ಷಕಿಯೊಬ್ಬರ ಕಪ್ಪು ಮಖಮಲ್ಲಿನ ಮೇಲೆ ಬಿಳಿ, ಕಂದು, ಕಪ್ಪು, ಮೂರೂ ಬಣ್ಣದ ಕೂದಲು. ಮೂರು ಬಣ್ಣದ ಬೆಕ್ಕು ಮನೆಗೆ ಅದೃಷ್ಟವಂತೆ. ನಮ್ಮ ಮಾತಿನಲ್ಲಿ ಮೂರು ಬಣ್ಣದ್ದು ಎಂದರೆ ತೆಲೊನ್, ಹೆಸರಿಟ್ಟದ್ದೂ ಅದಕ್ಕೇ. ಅದೃಷ್ಟವನ್ನು ಕುಂಚ ಹಿಡಿದು ಗುಡಿಸುವವಳು ನಾನು.

ಮರ್ಸಿಯೆಮ್ ದಾರಿಯಲ್ಲಿ ಸಿಕ್ಕಳು. ಗಿರಣಿಯಲ್ಲಿ ಇಲಿ ಕಾಟವಂತೆ. ನಮ್ಮ ಬೆಕ್ಕು ಕೊಡುತ್ತೇನೆ ಎಂದೆ. "ಕಜ್ಜಿ ಬೆಕ್ಕು ನಂಗೆ ಬೇಡ ಅಕ್ಕ, ಅಕ್ಕಿ ತಿನ್ನೋರು ಏನಂದ್ಕೋತಾರೆ. ಮೈ ಶುದ್ಧ ಮಾಡಿಡು, ಹಬ್ಬ ಮುಗಿದ ಮೇಲೆ ಬಂದು ತಗೊಂಡೋಗ್ತೀನಿ" ಎಂದಳು. ಒಪ್ಪಿದೆ. ಬೆಕ್ಕು ಹೋದರೆ ಮನೆ ಸರಿಹೋಗುತ್ತದೆ. ವೆನಿಂಗ್‌ಗೆ ಹೇಳಲಿಲ್ಲ. ಹೇಳುವುದು ಹೇಗೆ, ಮಾತೇ ಇಲ್ಲವಲ್ಲ.

ಭಾನುವಾರ, ಉಪವಾಸ ೭

ವೆನಿಂಗ್ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದ ಮೇಲೆ ಬೆಕ್ಕಿಗೆ ಸ್ನಾನ ಮಾಡಿಸಹೊರಟೆ. ಬಚ್ಚಲ ತೊಟ್ಟಿಯಿಂದ ಒಂದು ಚೊಂಬು ಸುರಿದದ್ದಷ್ಟೇ ಗೊತ್ತು. ಕೈಯಲ್ಲಿ ನಾಲ್ಕು ಗೆರೆ, ಬೆಕ್ಕು ಹೆಂಚಿನ ಮೇಲೆ. ಇಳಿದು ಬಂದದ್ದು ಮಧ್ಯಾಹ್ನದ ನಮಾಜಿನ ಹೊತ್ತಿಗೆ.

ಬಲದಿಂದ ಆಗದ್ದನ್ನು ಉಪಾಯದಿಂದ ಮಾಡಬೇಕು. ವೀಳ್ಯದೆಲೆ ಕುದಿಸಿ, ಆರಿಸಿ, ತೊಳೆದು ತೊಳೆದು ಸವೆದ ಹಳೆಯ ಬಾಟಿಕ್ ತುಂಡನ್ನು ಅದರಲ್ಲಿ ಅದ್ದಿ ಹಿಂಡಿದೆ. ಬೆಕ್ಕು ಕಿಟಕಿಯ ಬಿಸಿಲಿನಲ್ಲಿ ತೂಕಡಿಸುತ್ತಿದ್ದಾಗ ಹಿಂದಿನಿಂದ ಹೋಗಿ ಕತ್ತಿನಿಂದ ಬಾಲದ ಕಡೆಗೆ ಒರೆಸಿದೆ. ಒಂದು ಕಣ್ಣು ತೆರೆದು ನೋಡಿತು. ಓಡಲಿಲ್ಲ. ಬಟ್ಟೆ ಬೂದಿ ಬಣ್ಣವಾಯಿತು. ಅಷ್ಟು ಕೊಳೆ ಹೊತ್ತು ತಿರುಗುತ್ತಿತ್ತು ಪಾಪ.

ಮಂಗಳವಾರ, ಉಪವಾಸ ೯

ನಾವಿಬ್ಬರೂ ಈಗ ಬೆಕ್ಕಿನ ಮೂಲಕ ಮಾತಾಡುತ್ತೇವೆ. ಅವಳು ಶುರು ಮಾಡಿದ್ದು. "ತೆಲೊನ್, ಸೊಪ್ಪಿನ ಸಾರು ಒಲೆ ಮೇಲಿದೆ ಅಂತ ಹೇಳು." ನಾನೂ ಬಿಡಲಿಲ್ಲ. "ತೆಲೊನ್, ಉಪ್ಪು ಕಮ್ಮಿ ಅಂತ ಹೇಳು." ಬೆಕ್ಕು ಇಬ್ಬರನ್ನೂ ನೋಡಿ ಆಕಳಿಸಿತು.

ಮಸೀದಿಯಲ್ಲಿ ಉಪನ್ಯಾಸ ಮಾಡಿದ ಮೌಲ್ವಿಗಳು, ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟವರ ಉಪವಾಸ ಆಕಾಶಕ್ಕೂ ಭೂಮಿಗೂ ನಡುವೆ ತೂಗಾಡುತ್ತದೆ ಎಂದರು. ಪಕ್ಕದವಳು ನನ್ನನ್ನೇ ನೋಡಿದಳು. ಮಾತು ಬಿಟ್ಟವಳು ನಾನಲ್ಲ ಎಂದು ಎದ್ದು ಹೇಳಲಿಕ್ಕಾಗುತ್ತದೆಯೇ?

ಗುರುವಾರ, ಉಪವಾಸ ೧೧

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ.

ಒರೆಸಿದರೂ ಕೆರೆತ ನಿಂತಿರಲಿಲ್ಲ. ಬಾಲದ ಬುಡದಲ್ಲಿ ಕೂದಲು ಉದುರಿ ಕೆಂಪಾಗಿತ್ತು. ಅಲ್ಲಿಗೆ ಕಾಯು ಪುತಿ ಎಣ್ಣೆ ಹಚ್ಚಿದೆ. ಹಸಿರು ಸೀಸೆಯ ಆ ಎಣ್ಣೆ ಇಲ್ಲದ ಮನೆ ಈ ದ್ವೀಪದಲ್ಲೇ ಇರಲಾರದು. ಹಾರ್ಯೋನ ಹೊಟ್ಟೆನೋವಿಗೆ, ಸೊಳ್ಳೆ ಕಚ್ಚಿದ್ದಕ್ಕೆ, ಶೀತಕ್ಕೆ, ನನ್ನ ಮಂಡಿಗೆ, ಎಲ್ಲಕ್ಕೂ ಅದೇ. ಹುಟ್ಟಿದ ಮಗುವಿಗೆ ಹಚ್ಚುವುದನ್ನು ಬೆಕ್ಕಿಗೆ ಹಚ್ಚಿದರೆ ಏನಾಗುತ್ತದೆ ಎಂದುಕೊಂಡೆ. ಬೆನ್ನಿಗೂ ಧಾರಾಳವಾಗಿ ತಿಕ್ಕಿದೆ. ಅದು ಕೂತು ಮೈಯೆಲ್ಲ ನೆಕ್ಕಿಕೊಂಡಿತು.

ಸಂಜೆ ವೆನಿಂಗ್ ಬರುವಷ್ಟರಲ್ಲಿ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎದ್ದರೆ ಹಿಂಗಾಲು ವಾಲುತ್ತಿತ್ತು, ಮೈ ನಡುಗುತ್ತಿತ್ತು. ಬಾಗಿಲಲ್ಲೇ ಅವಳಿಗೆ ವಾಸನೆ ಹತ್ತಿತು.

"ಅಮ್ಮ, ಇದಕ್ಕೆ ಏನ್ ಹಚ್ಚಿದ್ರಿ?"

ಅಷ್ಟು ದಿನಗಳ ಮೇಲೆ ಅವಳು ನೇರವಾಗಿ ನನಗೆ ಆಡಿದ ಮೊದಲ ಮಾತು. ಏನೂ ಇಲ್ಲ ಎನ್ನಬಹುದಿತ್ತು. ಸೀಸೆ ತೋರಿಸಿದೆ. ಅವಳು ಬೈಯಲಿಲ್ಲ, ಸ್ಕೂಟರಿನ ಕೀಲಿ ತೆಗೆದುಕೊಂಡಳು. ಬೆಕ್ಕನ್ನು ಲುಂಗಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಸತ್ತರೆ ಏನು ಗತಿ ಎಂದು ನಾನು ಹೆದರಿದೆ. ಹಾಗೆ ಹೆದರಿ ಬಹಳ ವರ್ಷವಾಗಿತ್ತು.

ಮಾರುಕಟ್ಟೆ ಹತ್ತಿರದ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರ್ ಹುಡುಗಿ ಅದನ್ನು ಒಳಗೆ ಒಯ್ದಳು. ನಾವು ಬೆಂಚಿನ ಮೇಲೆ ಕೂತಿದ್ದಾಗಲೇ ಉಪವಾಸ ಬಿಡುವ ಕರೆ ಕೇಳಿಸಿತು. ವೆನಿಂಗ್ ಚೀಲದಿಂದ ಒಂದು ಖರ್ಜೂರ ತೆಗೆದು ನನ್ನ ಕಡೆ ಚಾಚಿದಳು. ಇದ್ದದ್ದೇ ಒಂದು. ಕಚ್ಚಿ ಅರ್ಧ ಮಾಡಿ ಅವಳಿಗೆ ಕೊಟ್ಟೆ.

ಶುಕ್ರವಾರ, ಉಪವಾಸ ೧೨

ಬದುಕಿದೆ.

ಡಾಕ್ಟರ್ ಬಿಡಿಸಿ ಹೇಳಿದರು. ನಮಗೆ ಒಳ್ಳೆಯದಾದ ಆ ಎಣ್ಣೆ ಬೆಕ್ಕಿಗೆ ವಿಷ, ನೆಕ್ಕಿದ್ದನ್ನು ಅದರ ಮೈ ಅರಗಿಸಿಕೊಳ್ಳಲಾರದು. ಎಣ್ಣೆ ಇದ್ದಲ್ಲೆಲ್ಲ ಅವರೇ ತುಸು ಸಾಬೂನು ನೀರಿನಲ್ಲಿ ಒರೆಸಿ ತೆಗೆದಿದ್ದರು. ಕೆರೆತಕ್ಕೆ ಕಾರಣ ಚಿಗಟ, ಕತ್ತಿನ ಮೇಲೆ ಒಂದು ಹನಿ ಔಷಧಿ ಬಿಟ್ಟಿದ್ದಾರೆ. ಇನ್ನು ಮುಂದೆ ಪೂರ್ತಿ ಸ್ನಾನ ಬೇಡವೆಂದರು. ಸುಸ್ತಾದ ಮೈ ತಣ್ಣಗಾಗುತ್ತದೆ, ಒಣಗಿದ ಚರ್ಮ ಇನ್ನಷ್ಟು ಒಣಗುತ್ತದೆ. ಉಗುರುಬೆಚ್ಚಗಿನ ಬರೀ ನೀರು, ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆ. ಒಂದೊಂದೇ ಭಾಗ ಒರೆಸಿ, ಅದು ಒಣಗಿದ ಮೇಲೆ ಮುಂದಿನದು. ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆ. ಒಬ್ಬರು ಹಿಡಿಯಬೇಕು, ಒಬ್ಬರು ಒರೆಸಬೇಕು ಎಂದು ನಮ್ಮಿಬ್ಬರನ್ನೂ ನೋಡಿ ಹೇಳಿದರು. ವೀಳ್ಯದೆಲೆ ನೀರನ್ನೂ ಬಿಡಿ ಎಂದರು. ಇದ್ದಬದ್ದ ನನ್ನ ವೈದ್ಯವೆಲ್ಲ ಅಲ್ಲಿಗೆ ಮುಗಿಯಿತು.

ಭಾನುವಾರ, ಉಪವಾಸ ೧೪

ನಾನು ಹಿಡಿಯುತ್ತೇನೆ, ವೆನಿಂಗ್ ಒರೆಸುತ್ತಾಳೆ. ಸಂಜೆ ಅವಳು ಕೆಲಸದಿಂದ ಬಂದ ಮೇಲೆ, ಉಪವಾಸ ಬಿಡುವ ಮುಂಚೆ. ಹೊಟ್ಟೆ ಹಸಿದು ಕಣ್ಣು ಮಂಜಾಗುವ ಆ ಹೊತ್ತು ಇದರಲ್ಲಿ ಹೋದದ್ದೇ ತಿಳಿಯುವುದಿಲ್ಲ.

"ಅಷ್ಟು ಬಿಗಿ ಹಿಡೀಬೇಡಿ ಅಮ್ಮ. ಓಡ್ಬೇಕು ಅಂತ ಅದಕ್ಕೆ ಅನ್ನಿಸತ್ತೆ."

"ಸಡಿಲ ಬಿಟ್ರೆ ಓಡತ್ತೆ."

"ಓಡಲ್ಲ. ಬಿಟ್ಟು ನೋಡಿ."

ಬಿಟ್ಟೆ. ಓಡಲಿಲ್ಲ. ಅವಳು ಒರೆಸುವ ರೀತಿ ನನಗೆ ಸರಿಬರಲಿಲ್ಲ, ಅಡ್ಡಾದಿಡ್ಡಿ. ಮಖಮಲ್ಲಿಗೆ ಹೇಗೆ ಒಂದು ದಿಕ್ಕಿದೆಯೋ ಬೆಕ್ಕಿನ ಕೂದಲಿಗೂ ಹಾಗೆಯೇ, ಆ ದಿಕ್ಕಿಗೇ ಕೈ ಹೋಗಬೇಕೆಂದು ತೋರಿಸಿಕೊಟ್ಟೆ. ಅತ್ತೆ ಹೇಳಿಕೊಟ್ಟದ್ದು ಅವಳಿಗೆ ಹಿಡಿಸಿತೋ ಇಲ್ಲವೋ. ಬೆಕ್ಕಿಗೆ ಹಿಡಿಸಿತು.

ಗುರುವಾರ, ಉಪವಾಸ ೧೮

ಮೂರು ರವಿಕೆಗೆ ಗುಂಡಿ ಹಾಕುವುದು ಬಾಕಿ. ತೆಲೊನ್ ಹೊಟ್ಟೆಯ ಭಾಗವನ್ನು ಇವತ್ತು ಮೊದಲ ಬಾರಿಗೆ ಒರೆಸಲು ಬಿಟ್ಟಿತು. ಹೊಟ್ಟೆ ಎಷ್ಟು ಬೆಳ್ಳಗಿದೆ. ಮೀನಿನ ತಲೆ ಇದಕ್ಕೆಂದು ಕೊಂಡೆ. ಬೇಗ ಮೈ ಕೈ ತುಂಬಿಕೊಂಡರೆ ಮರ್ಸಿಯೆಮ್ ಕೊಂಕು ತೆಗೆಯುವುದಿಲ್ಲ.

ಭಾನುವಾರ, ಉಪವಾಸ ೨೧

ಬಾಲದ ಬುಡದಲ್ಲಿ ಹೊಸ ಕೂದಲು. ಕನ್ನಡಕ ಹಾಕಿಕೊಂಡು ನೋಡಿದರೆ ಕಾಣುತ್ತದೆ.

ಬುಧವಾರ, ಉಪವಾಸ ೨೪

ಈಗ ವೆನಿಂಗ್ ಅಂಗಡಿಯ ಸುದ್ದಿ ಹೇಳುತ್ತಾಳೆ. ಯಾರೋ ಒಬ್ಬಳು ಗಂಡನಿಗೆ ತಿಳಿಯದಂತೆ ಪರದೆ ಬಟ್ಟೆ ಕೊಂಡು ಹೋದಳಂತೆ, ಆಮೇಲೆ ಗಂಡನೂ ಬಂದು ಅದೇ ಬಟ್ಟೆ ಕೊಂಡನಂತೆ. ನಾನು ನಕ್ಕದ್ದಕ್ಕೆ ತೆಲೊನ್ ಮಡಿಲಲ್ಲಿ ಕುಲುಕಿ, ಸಿಡುಕಿ ನೋಡಿತು.

ಮಾತು ಹದಕ್ಕೆ ಬಂದಿದೆ ಎಂದುಕೊಂಡು ಕೇಳಿಯೇ ಬಿಟ್ಟೆ. ಆ ದಿನ ನಾನು ಅಂದದ್ದು ಅಷ್ಟು ದೊಡ್ಡದಾಯಿತೇ, ಎಲ್ಲರೂ ಅನ್ನುವ ಮಾತಲ್ಲವೇ ಎಂದು. ಅವಳ ಕೈ ನಿಂತಿತು.

"ಮಗು ಆಗದೆ ಇರೋದು ಬೆಕ್ಕಿಂದ ಅಲ್ಲ ಅಮ್ಮ. ದೊಡ್ಡಾಸ್ಪತ್ರೇಲಿ ಇಬ್ರೂ ತೋರಿಸ್ಕೊಂಡಿದೀವಿ."

"ಏನಂದ್ರು? ನಿನಗೇನಂತೆ?"

ಅವಳು ತಲೆ ಬಗ್ಗಿಸಿ ಬಾಲ ಬಾಚತೊಡಗಿದಳು. ಬಾಚಿದ್ದನ್ನೇ ಬಾಚಿದಳು. ನನಗೇನೂ ತೊಂದರೆ ಇಲ್ಲ ಎಂದೂ ಹೇಳಲಿಲ್ಲ, ಇದೆ ಎಂದೂ ಹೇಳಲಿಲ್ಲ. ಮೊಂಡು. ಅಷ್ಟು ಹೇಳಿದರೆ ಗಂಟೇನು ಹೋಗುತ್ತಿತ್ತು?

ಶನಿವಾರ, ಉಪವಾಸ ೨೭

ಹಾರ್ಯೋ ಊಟಕ್ಕೆ ಬಸ್ಸು ನಿಲ್ಲಿಸಿದಾಗ ಫೋನ್ ಮಾಡಿದ. ಡಾಕ್ಟರು ಏನೆಂದರು, ನಿನ್ನ ಹೆಂಡತಿ ಬಾಯಿ ಬಿಡುತ್ತಿಲ್ಲ ಎಂದು ಕೇಳಿದೆ.

"ಅವಳನ್ನ ಏನೂ ಅನ್ಬೇಡಮ್ಮ. ತೊಂದರೆ ಇರೋದು ನನ್ನಲ್ಲಿ. ಅವಳಿಗೆ ಹೇಳ್ಬೇಡ ಅಂದೋನೂ ನಾನೇ."

ಫೋನ್ ಇಟ್ಟ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತೆ. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಅಷ್ಟು ಹೆಂಗಸರು ನಗುತ್ತಿದ್ದಾಗ ಒಂದು ಮಾತು ಹೇಳಿದ್ದರೆ ಅವಳು ಪಾರಾಗುತ್ತಿದ್ದಳು. ನನ್ನ ಮಗನ ಮರ್ಯಾದೆ ಹೋಗುತ್ತಿತ್ತು. ಅವಳು ತಟ್ಟೆ ಇಟ್ಟು ಒಳಗೆ ಹೋದಳು.

ನನಗೆ ನಾಚಿಕೆಯಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಸೋಮವಾರ, ಉಪವಾಸ ೨೯

ಬೆಕ್ಕು ಕೊಡುವುದಿಲ್ಲ ಎಂದು ಹೇಳಲು ಮರ್ಸಿಯೆಮ್ ಮನೆಗೆ ಹೋದೆ. ಅವಳು ಹಬ್ಬದ ಕಡುಬಿಗೆ ಬಾಳೆ ಎಲೆಯಲ್ಲಿ ಅಕ್ಕಿ ತುಂಬುತ್ತ ಕೂತಿದ್ದಳು. ಯಾಕೆ ಎಂದು ಕೇಳುತ್ತಾಳೆ, ಕೇಳದೆ ಬಿಡುವ ಹೆಣ್ಣಲ್ಲ. ಏನೆಂದು ಹೇಳಲಿ? ಹಬ್ಬದ ಅಡುಗೆಯ ಬಗ್ಗೆ ಮಾತಾಡಿ ವಾಪಸು ಬಂದೆ. ಮರೆತಿರಬಹುದು.

ಸಂಜೆ ನಮ್ಮ ತೆಲೊನ್ ತಾನಾಗಿಯೇ ಬಂದು ಒರೆಸುವ ನೀರಿನ ಬೋಗುಣಿಯ ಪಕ್ಕ ಕೂತಿತು.

ಬುಧವಾರ, ಹಬ್ಬ

ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕೂತೆ. ವೆನಿಂಗ್ ಹೊಸ ರವಿಕೆ ತೊಟ್ಟು ಬಂದು, ನೆಲದಲ್ಲಿ ಮೊಣಕಾಲೂರಿ, ನನ್ನ ಮಂಡಿಯ ಮೇಲೆ ಹಣೆಯಿಟ್ಟಳು. ಗೊತ್ತಿದ್ದು ಗೊತ್ತಿಲ್ಲದೆ ಮಾಡಿದ ತಪ್ಪನ್ನೆಲ್ಲ ಕ್ಷಮಿಸಿ ಎಂದು ಕಿರಿಯರು ಕೇಳುವ ಮಾತನ್ನು ಕೇಳಿದಳು. ಕ್ಷಮಿಸಿದ್ದೇನೆ ಮಗಳೇ, ಮುದುಕಿಯದನ್ನೂ ಕ್ಷಮಿಸು ಎಂದು ನಾನು ಅನ್ನಬೇಕು. ಪ್ರತಿ ವರ್ಷ ಚಹಾ ಆರುವ ಮುಂಚೆ ಅಂದು ಮುಗಿಸುತ್ತೇನೆ. ಈ ಸಲ ಬಾಯಿಮಾತಿಗೆ ಅನ್ನಲಾಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ, ತೆಗೆಯಲಿಲ್ಲ. ಅವಳಿಗೆ ಮಂಡಿ ನೋವು ಬಂದಿರಬೇಕು, ಆದರೂ ಏಳಲಿಲ್ಲ.

ಶನಿವಾರ, ಹಬ್ಬದ ನಾಲ್ಕನೇ ದಿನ

ಮರ್ಸಿಯೆಮ್ ಮರೆತಿರಲಿಲ್ಲ. ಮಧ್ಯಾಹ್ನ ಬಂದಳು, ಕಂಕುಳಲ್ಲಿ ಗಾಳಿಗೆಂದು ತೂತು ಕೊರೆದ ರಟ್ಟಿನ ಪೆಟ್ಟಿಗೆ. ವೆನಿಂಗ್ ಮನೆಯಲ್ಲೇ ಇದ್ದಳು. ತೆಲೊನ್ ಕಿಟಕಿಯಲ್ಲಿತ್ತು. ಬಿಸಿಲಿಗೆ ಮೂರೂ ಬಣ್ಣ ಹೊಳೆಯುತ್ತಿದ್ದವು.

"ಏನಕ್ಕ, ಮದುವಣಗಿತ್ತಿ ಹಾಗೆ ಮಾಡಿಟ್ಟಿದೀಯ" ಎಂದಳು ಮರ್ಸಿಯೆಮ್. ಆಮೇಲೆ ವೆನಿಂಗ್ ಕಡೆ ತಿರುಗಿ, "ನಿಮ್ಮತ್ತೆ ಇದನ್ನ ನಮ್ಮ ಗಿರಣಿಗೆ ಕೊಡ್ತೀನಿ ಅಂತ ಉಪವಾಸದ ಮೊದಲ ವಾರದಲ್ಲೇ ಮಾತು ಕೊಟ್ಟಿದ್ರು" ಎಂದಳು.

ವೆನಿಂಗ್ ನನ್ನನ್ನು ನೋಡಿದಳು. ಒಮ್ಮೆ, ಅಷ್ಟೆ. ಒಳಗೆ ಹೋಗಿ ಬಟ್ಟೆ ಒದ್ದೆ ಮಾಡಿ ತಂದು, ತೆಲೊನ್‌ನ ಎರಡೂ ಕಣ್ಣಂಚನ್ನು ಒರೆಸಿದಳು. ಎತ್ತಿ ಪೆಟ್ಟಿಗೆಯಲ್ಲಿಟ್ಟಳು. ಬಾಚಣಿಗೆಯನ್ನೂ ಪಕ್ಕದಲ್ಲಿಟ್ಟಳು.

"ನೀರು ಹಾಕಿ ಸ್ನಾನ ಮಾಡಿಸ್ಬೇಡಿ" ಎಂದು ಮರ್ಸಿಯೆಮ್‌ಗೆ ಹೇಳಿದಳು. "ಬೆಚ್ಚಗಿನ ಬಟ್ಟೇಲಿ ಒರೆಸಿ, ಒಣಗಿಸಿ. ಬಾಲದ ಹತ್ರ ಮೆಲ್ಲಗೆ. ಎಣ್ಣೆ ಮಾತ್ರ ಯಾವುದೂ ಬೇಡ."

ನನ್ನ ಮೇಲೆ ಒಂದು ಮಾತಿಲ್ಲ. ಅತ್ತೆ ಮಾತು ಕೊಟ್ಟಿದ್ದಾರೆ ಎಂದ ಮೇಲೆ ಮುಗಿಯಿತು. ಹೀಗೆಯೇ ಅವತ್ತು ತಟ್ಟೆ ಇಟ್ಟು ಹೋಗಿದ್ದಳು. ನನ್ನಿಂದ ಕೂರಲಾಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ಬೆಕ್ಕನ್ನು ಎತ್ತಿಕೊಂಡೆ.

"ಕೊಡಲ್ಲ ಮರ್ಸಿಯೆಮ್."

"ಅಯ್ಯೋ, ಬೆಕ್ಕು ಇದ್ರೆ ಮೊಮ್ಮಗು ಆಗಲ್ಲ ಅಂದೋಳು ನೀನೇ ಅಲ್ವಾ ಅಕ್ಕ? ಎಲ್ಲರ ಮುಂದೆ?"

"ಅಂದಿದ್ದೆ. ತಪ್ಪು ಅಂದಿದ್ದೆ. ಬೆಕ್ಕಿಂದೂ ಏನಿಲ್ಲ, ನನ್ನ ಸೊಸೇದೂ ಏನಿಲ್ಲ."

"ಹಾಗಾದ್ರೆ ಯಾರದು?"

ವೆನಿಂಗ್ ಮುಖ ಬಿಳಿಚಿತು. ಬೇಡ ಎಂಬಂತೆ ಅವಳ ತಲೆ ತುಸುವೇ ಅಲ್ಲಾಡಿತು. ಈಗಲೂ ನನ್ನ ಮಗನ ಮಾನವನ್ನೇ ಕಾಯುತ್ತಿದ್ದಳು.

"ಅದು ನಮ್ಮನೆ ವಿಷಯ" ಎಂದೆ. "ನಿನಗೆ ಬೇಕಾದ್ದು ಇಷ್ಟೇ. ಅವತ್ತು ಕೂಟದಲ್ಲಿ ಸೊಸೆ ಬಗ್ಗೆ ನಾನು ಸುಳ್ಳು ಹೇಳ್ದೆ, ಅವಳ ಹತ್ರ ಕ್ಷಮೆ ಕೇಳ್ತಿದೀನಿ. ಮನೆ ಮನೆಗೆ ಹೋಗಿ ಇದನ್ನ ಹೇಳೋಕೆ ನಂಗೆ ಮಂಡಿ ನೋವು. ನೀನು ಒಂದು ಸುತ್ತು ಹಾಕಿದ್ರೆ ಸಂಜೆ ಒಳಗೆ ಎಲ್ಲರಿಗೂ ತಲುಪತ್ತೆ."

ಸಿಟ್ಟಾಗಬೇಕೋ ಬೇಡವೋ ಎಂದು ಮರ್ಸಿಯೆಮ್‌ಗೆ ಗೊತ್ತಾಗಲಿಲ್ಲ. ಎರಡು ಅನಾನಸ್ ಬಿಸ್ಕತ್ತು ತಿಂದು, ಖಾಲಿ ಪೆಟ್ಟಿಗೆ ಹೊತ್ತು ಹೋದಳು. ಬಲಕ್ಕೆ ಅವಳ ಮನೆ. ಎಡಕ್ಕೆ, ಕೇರಿಯ ಕಡೆಗೆ ತಿರುಗಿದಳು.

ಒಳಗೆ ನಾವಿಬ್ಬರೇ ಉಳಿದೆವು. ವೆನಿಂಗ್ ಬಾಗಿಲಲ್ಲೇ ನಿಂತಿದ್ದಳು.

"ಇಷ್ಟು ದಿನ ಒರೆಸಿದ್ದು ಕೊಟ್ಟುಬಿಡೋಕಾ?"

"ಶುರು ಮಾಡಿದ್ದು ಅದಕ್ಕೇ."

"ಆಮೇಲೆ?"

"ಆಮೇಲೆ ಕೊಡೋ ಮನಸ್ಸು ಬರ್ಲಿಲ್ಲ ಮಗಳೇ. ಯಾವತ್ತಿಂದ ಅಂತ ನಂಗೇ ಗೊತ್ತಿಲ್ಲ."

ಅವಳು ಸುಮ್ಮನಾದಳು. ಮತ್ತೆ ಬಾಯಿ ಮುಚ್ಚಿತು, ಈ ಸಲ ವರ್ಷಗಟ್ಟಲೆ ತೆರೆಯುವುದಿಲ್ಲ, ನನಗೆ ತಕ್ಕದ್ದೇ ಎಂದುಕೊಂಡೆ. ಅಷ್ಟರಲ್ಲಿ ಅವಳ ದನಿ ಏರಿತು. ಆ ಕಡೆಯ ಮನೆಯವರಿಗೂ ಕೇಳುವಷ್ಟು ಏರಿತು.

"ಇದು ನನ್ನ ಬೆಕ್ಕು ಅಮ್ಮ. ನನ್ನ ಕೇಳ್ದೆ ಮಾತು ಕೊಡೋಕೆ ನೀವ್ಯಾರು? ಕೇಳ್ದೆ ಎಣ್ಣೆ ಹಚ್ಚಿದ್ರಿ. ಕೇಳ್ದೆ ಎಲ್ಲರ ಮುಂದೆ ಅಂದ್ರಿ. ಇನ್ಮೇಲೆ ಏನೇ ಮಾಡೋದಿದ್ರೂ ನನ್ನ ಕೇಳಿ ಮಾಡಿ."

ಆಗಲಿ ಎಂದೆ. ಆದರೆ ಅವಳು ನಿಲ್ಲಿಸಲಿಲ್ಲ. ಅಡುಗೆಮನೆಗೆ ಹೋದಳು, ಅಲ್ಲಿಂದಲೂ ಬೈದಳು. ಕತ್ತರಿಯನ್ನು ಅನ್ನದ ಪಾತ್ರೆ ಪಕ್ಕ ಇಟ್ಟದ್ದಕ್ಕೆ ಬೈದಳು, ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗದ್ದಕ್ಕೆ ಬೈದಳು, ಮಗನನ್ನು ತಲೆ ಮೇಲೆ ಕೂರಿಸಿಕೊಂಡದ್ದಕ್ಕೆ ಬೈದಳು. ಆರು ವರ್ಷದ ಬಾಕಿ ಎಲ್ಲ ಅಲ್ಲಿತ್ತು. ನಮ್ಮ ಕಡೆ ತಾಯಿಗೆ ಮಗಳು ಹೀಗೆ ಬೈಯುತ್ತಾಳೆ, ಅತ್ತೆಗೆ ಸೊಸೆ ಬೈಯುವುದಿಲ್ಲ.

ತೆಲೊನ್ ಮಡಿಲಲ್ಲಿ ಮುದುಡಿ ಮಲಗಿತು. ಅವಳು ಇನ್ನೂ ಸ್ವಲ್ಪ ಹೊತ್ತು ಬೈಯಲಿ ಎಂದು ನಾನು ಅಲುಗಾಡದೆ ಕೂತಿದ್ದೆ.